ಕಡ್ಲಿ ಬೇರಿನ ಕೆಂಪು ಗಂಟು

ಹುಣಸಗಿ ಹತ್ತಿರದ ನಮ್ಮ ಹೊಲಕ್ಕೆ ಕಾಲುವೆ ಬಂದಾಗಿನಿಂದ ಬೆಳೆದದ್ದು ಬರೀ ಭತ್ತ. ಆ ವರ್ಷ ಹಿಂಗಾರಿಗೆ ನೀರು ಬಿಡುವುದಿಲ್ಲವೆಂದು ಸುದ್ದಿ ಬಂತು. ಭತ್ತ ಕೊಯ್ದ ಮೇಲೆ ಉಳಿದ ಹಸಿಯಲ್ಲೇ ಕಡ್ಲಿ ಬಿತ್ತೋಣ ಎಂದವಳು ನಾನು. ಸ್ವಲ್ಪ ದಿನದ ಹಿಂದೆ ಸುರಪುರದಲ್ಲಿ ರೈತ ಹೆಣ್ಣುಮಕ್ಕಳ ತರಬೇತಿಗೆ ಹೋಗಿ ಬಂದಿದ್ದೆ. ಕಡ್ಲಿಯ ಬೇರಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಗಂಟು ಕಟ್ಟಿ ಮನೆ ಮಾಡಿಕೊಂಡು, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವಂತೆ. ವರ್ಷಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಅವು ಕಡಿಮೆಯಾಗಿರುತ್ತವೆ, ಬೀಜದ ಜೊತೆ ನಾವೇ ಕೊಡಬೇಕು ಎಂದಿದ್ದರು.

ಅಲ್ಲಿಂದ ತಂದ ಜೀವಾಣುವಿನ ಕಪ್ಪು ಪುಡಿಯನ್ನು ಆರಿದ ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ಪಡಸಾಲೆಯ ನೆರಳಿನಲ್ಲಿ ಹರವಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನವಾ, ಬೀಜಕ್ಕೂ ಹೋಳಗಿ ಊಟ ಹಾಕಾಕತ್ತಿ?"

"ಗೊಬ್ಬರ ಅಂಟ್ಕೊಳ್ಳಾಕ್ರೀ ಅತ್ತಿ."

ಬಿತ್ತಿದ್ದೆಲ್ಲ ಚೆನ್ನಾಗಿ ಹುಟ್ಟಿತು. ಆದರೆ ಗಿಡ ಗೇಣುದ್ದ ಆಗುವ ಮೊದಲೇ ಎಲೆ ಹಳದಿಗೆ ತಿರುಗಿತು. ನಮ್ಮ ಮನೆಯವರು ಒಂದು ಸಂಜೆ ಗಾಡಿಯ ಮೇಲೆ ಯೂರಿಯಾ ಚೀಲ ಹೇರಿಕೊಂಡು ಬಂದರು.

"ಬಾಜೂ ಹೊಲದವ್ರು ನಗಾಕತ್ತಾರ. ನಾಳಿ ಹೊಲಕ್ಕ ಒಗದು ಬರ್ತೀನಿ."

"ಯೂರಿಯಾ ಸಿಕ್ಕರ ಗಿಡ ಗಂಟು ಕಟ್ಟಂಗಿಲ್ರಿ. ಒಂದ್ ವಾರ ತಡೀರಿ."

"ಆಮ್ಯಾಲ ಬೆಳಿ ಹೋದ್ರ?"

"ಹೋದ್ರ ನನ್ನ ಬೈರಿ."

ಅವರು ನನ್ನ ಮುಖವನ್ನೇ ನೋಡಿ, ಚೀಲವನ್ನು ಮೂಲೆಗೆ ತಳ್ಳಿದರು. ಆ ವಾರ ನಾನು ದಿನಾ ಬದುವಿನ ತನಕ ಹೋಗಿ ನಿಂತು ಬರುತ್ತಿದ್ದೆ. ಗಿಡ ಕಿತ್ತು ನೋಡಲು ಧೈರ್ಯ ಸಾಲಲಿಲ್ಲ.

ಕೊನೆಗೆ ಕಿತ್ತವರು ಅತ್ತೆ. ಹೊಲದ ಕಸ ತೆಗೆಯುತ್ತಿದ್ದವರು ಒಮ್ಮೆಲೇ ಕೂಗಿದರು: "ಅಯ್ಯಯ್ಯ, ಬೇರಿಗೆ ರೋಗ ಬಂದೈತಿ! ಗಂಟ್ ಗಂಟ್ ಎದ್ದಾವ, ಬಾರವಾ!"

ಬದುವಿನಿಂದ ಓಡಿದೆ. ಬೇರಿನ ತುಂಬ ಜೋಳದ ಕಾಳಿನಂಥ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ಕೆಂಪು. ಹಾಗಿದ್ದರೆ ಜೀವಾಣು ಕೆಲಸ ಮಾಡುತ್ತಿದೆ ಎಂದೇ ಅರ್ಥ ಅಂತ ತರಬೇತಿಯಲ್ಲಿ ತೋರಿಸಿದ್ದರು.

"ಕೆಂಪೈತ್ರಿ ಅತ್ತಿ! ರೋಗ ಅಲ್ಲ, ಕೆಂಪೈತಿ!" ಎಂದು ಅವರನ್ನು ಅಪ್ಪಿಕೊಂಡೇ ಬಿಟ್ಟೆ. ಮಣ್ಣಿನ ಕೈಯಲ್ಲೇ ಅವರ ಸೀರೆ ಹಿಡಿದಿದ್ದೆ, ಅವರು ಬೈಯಲಿಲ್ಲ. ನಮ್ಮ ಮನೆಯವರು ತಾವೂ ಒಂದು ಗಿಡ ಕಿತ್ತು, ಗಂಟು ಹಿಚುಕಿ, ಬೆರಳಿಗೆ ಹತ್ತಿದ ಬಣ್ಣವನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಂಜೆ ಚೀಲವನ್ನು ಅಂಗಡಿಗೆ ವಾಪಸು ಒಯ್ದರು.

ಮುಂದೆ ಹೊಲ ದಿನದಿನಕ್ಕೆ ಹಸಿರೇರಿತು. ಅತ್ತೆಯನ್ನಂತೂ ಹಿಡಿಯುವವರೇ ಇಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಗಿಡ ಕಿತ್ತು, "ಗಾಳ್ಯಾಗಿನ ಗೊಬ್ಬರ ಹಿಡಿಯೋ ಗಂಟು ಇವು, ನಮ್ಮ ಸೊಸಿ ತಂದಾಳ" ಎನ್ನುವರು.

"ಹಿಂಗ ಕಿತ್ಕೋತ ಹೋದ್ರ ರಾಶಿಗೆ ಏನ್ ಉಳೀತೈತ್ರಿ ಅತ್ತಿ?" ಎಂದು ನಾನೇ ತಡೆಯಬೇಕಾಯಿತು.

ರಾಶಿಯ ದಿನ ಶಹಾಪುರದ ಕಾಳಿನ ವ್ಯಾಪಾರಿ ಕಣಕ್ಕೇ ಬಂದ. ಬೊಗಸೆ ತುಂಬ ಕಡ್ಲಿ ಎತ್ತಿ, "ದಪ್ಪ ಅದಾವಲ್ರಿ ಕಾಳು! ಏನ್ ಗೊಬ್ಬರ ಹಾಕೀರಿ ಗೌಡ್ರ?" ಎಂದು ನಮ್ಮ ಮನೆಯವರನ್ನು ಕೇಳಿದ.

"ನಂದೇನ್ ಇಲ್ರಿ. ಅಕಿನ್ನ ಕೇಳ್ರಿ," ಎಂದರು ಅವರು, ನನ್ನ ಕಡೆ ಕೈ ಮಾಡಿ.

ಸೆರಗಿನಿಂದ ಮುಖದ ಹೊಟ್ಟು ಒರೆಸಿಕೊಂಡೆ. ಕಣದಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಜೋರಾಗಿ ಹೇಳತೊಡಗಿದೆ.