ಟೀಚರ್ ಆರಿಸುತ್ತಿದ್ದ ಪಾತ್ರೆಗಳು

ಟೀಚರ್ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದು, ಸುಕ್ಕುಗಟ್ಟಿ ಬೆಳ್ಳಗಾಗಿರುತ್ತಿದ್ದವು. ಬಟ್ಟೆ ಒಗೆದು ಹಾಗಾಗಿರಬೇಕು ಅಂದುಕೊಂಡಿದ್ದೆ. ಅಲ್ಲ. ಮನೆಯ ಹೂವಿನ ಪಾತ್ರೆಗಳ ನೀರನ್ನು ಹೊತ್ತು ಹೊತ್ತಿಗೆ ಚೆಲ್ಲಿ, ತಿಕ್ಕಿ ತೊಳೆದು, ಕುಡಿಯುವ ನೀರು ತುಂಬಿಡುತ್ತಿದ್ದರು. ಹೂವಿಗೆ ಕುಡಿಯುವ ನೀರೇ ಯಾಕೆ ಅನ್ನುವುದು ತಿಳಿಯಲು ನನಗೆ ಸ್ವಲ್ಪ ದಿನ ಹಿಡಿಯಿತು.

ಹರಿಹರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾಗಿ ನಿವೃತ್ತರಾದವರು. ಭಾನುವಾರ ತಮ್ಮ ಪಡಸಾಲೆಯಲ್ಲಿ ನಾಲ್ಕೈದು ಹೆಂಗಸರಿಗೆ ಇಕೆಬಾನಾ ಕಲಿಸುತ್ತಿದ್ದರು. ಜಪಾನಿನವರು ಹೂವು ಜೋಡಿಸುವ ರೀತಿ ಅದು. ರಾಶಿ ಹಾಕುವುದಿಲ್ಲ, ಎರಡೋ ಮೂರೋ ಕಡ್ಡಿ, ಸುತ್ತ ಬೇಕಾದಷ್ಟು ಬಯಲು. ನಾನು ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೂವಿನ ಹುಚ್ಚೇನಲ್ಲ. ವಾರವಿಡೀ ಆಫೀಸು, ಅಡುಗೆ, ಅತ್ತೆಯ ಮೊಣಕಾಲು ನೋವು. ಒಂದು ದಿನವಾದರೂ ಯಾರೂ ನನ್ನನ್ನು ಕೂಗಿ ಕರೆಯದ ಜಾಗ ಬೇಕಿತ್ತು.

“ಹೂವು ಬಿಡ್ರಿ, ಎಲ್ಲಾದ್ರೂ ಸಿಗ್ತೈತೆ. ಮೊದ್ಲು ಪಾತ್ರೆ ನೋಡ್ರಿ,” ಅನ್ನುವುದೇ ಅವರ ಮೊದಲ ಪಾಠ. ಖಾಲಿ ಪಾತ್ರೆಯನ್ನು ಮುಂದಿಟ್ಟು ನಮ್ಮನ್ನು ಸುಮ್ಮನೆ ಕೂರಿಸುತ್ತಿದ್ದರು. ಬಾಯಿ ಅಗಲವಿದ್ದರೆ ನೀರು ಕಾಣಬೇಕು, ಕಿರಿದಾಗಿದ್ದರೆ ಕೊಂಬೆ ಒಂದು ಕಡೆ ವಾಲಬೇಕು. ಇಷ್ಟೆಲ್ಲ ಹೇಳುವವರ ಮನೆಯಲ್ಲಿ ಒಂದೂ ಚೆಂದದ ಪಿಂಗಾಣಿ ಬಟ್ಟಲಿರಲಿಲ್ಲ. ಸ್ಟೀಲ್ ಲೋಟ, ಹಿತ್ತಾಳೆ ತಂಬಿಗೆ, ಹಿಡಿಯಿದ್ದ ಮಗ್ಗು, ಅಷ್ಟೇ.

ಕಾರಣ ಅವರ ಯಜಮಾನರು. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಈಗ ನೆನಪು ಪೂರ್ತಿ ಕೈಕೊಟ್ಟಿತ್ತು. ನೀರಡಿಸಿದರೆ ಅಡುಗೆಮನೆ ಯಾವ ಕಡೆ ಅನ್ನುವುದೂ ತಿಳಿಯದು. ಎದುರಿಗೆ ಯಾವ ಪಾತ್ರೆಯಲ್ಲಿ ನೀರು ಕಂಡರೂ ಹೂವಿನ ಸಮೇತ ಎತ್ತಿ ಕುಡಿಯುತ್ತಿದ್ದರು. ಒಮ್ಮೆ ಪಾತ್ರೆಯ ತಳದಲ್ಲಿ ಕಡ್ಡಿ ನಿಲ್ಲಿಸುವ ಮುಳ್ಳುಬಿಲ್ಲೆ ಜಾರಿ ಬಂದು ತುಟಿ ಸೀಳಿತಂತೆ. ಅವತ್ತೇ ಟೀಚರ್ ಮುಳ್ಳುಬಿಲ್ಲೆ, ಗಾಜು, ಪಿಂಗಾಣಿ ಎಲ್ಲವನ್ನೂ ಕಂಡವರಿಗೆ ಹಂಚಿಬಿಟ್ಟರು. ಹೂವು ಇಡುವುದನ್ನು ಮಾತ್ರ ಬಿಡಲಿಲ್ಲ. “ಇದನ್ನೂ ಬಿಟ್ರೆ ನಾನು ಬರೀ ಆಯಾ ಆಗಿಬಿಡ್ತೀನಿ ನೋಡವ್ವ,” ಅಂದಿದ್ದರು.

ದಾವಣಗೆರೆಗೆ ಬಂದಾಗ ಚೌಕಿಪೇಟೆಯ ಪಾತ್ರೆ ಅಂಗಡಿಗೆ ಅವರ ಜೊತೆ ಹೋಗುವುದೆಂದರೆ ನನ್ನ ಕಾಲು ಬಿದ್ದುಹೋಗುತ್ತಿದ್ದವು. ಒಂದು ಕೈಯಲ್ಲಿ ಯಜಮಾನರು, ಇನ್ನೊಂದು ಕೈಯಲ್ಲಿ ಪಾತ್ರೆ. ಅಂಚಿನ ಸುತ್ತ ಬೆರಳು ಓಡಿಸುವರು, ಆಮೇಲೆ ಅದನ್ನು ಯಜಮಾನರ ಕೈಗೆ ಕೊಟ್ಟು ನೋಡುವರು.

“ಹೂವಿಡಾಕೆ ಅಂತೀರಿ, ಅಂಚು ಯಾಕ ಸವರ್ತೀರಿ ಟೀಚರ್?” ಅಂದ ಅಂಗಡಿಯವನು.

“ಬಾಯಿಗೆ ತಾಗ್ತೈತಲ್ಲಪ್ಪ.”

ಅವನಿಗೆ ಏನರ್ಥವಾಯಿತೋ, ಇನ್ನೊಂದು ತಂಬಿಗೆ ಇಳಿಸಿಕೊಟ್ಟ.

ಅವರು ನನ್ನ ಮೇಲೆ ರೇಗಿದ್ದು ಒಂದೇ ಸಲ, ನಾನು ಕಣಗಿಲೆ ಒಯ್ದಿದ್ದಾಗ. “ಇದು ಬ್ಯಾಡ. ನಂಜು. ಆ ನೀರು ಅವರ ಹೊಟ್ಟಿಗೆ ಹೋದ್ರೆ?” ಎಂದು ಕೊಂಬೆಯನ್ನು ಬೀದಿಗೆ ಎಸೆದರು. ಅವರು ಇಡುತ್ತಿದ್ದದ್ದು ದಾಸವಾಳ, ತುಳಸಿ, ಪಕ್ಕದ ಸಾರಥಿ ಹಳ್ಳಿಯ ಕಡೆಯಿಂದ ಯಾರಾದರೂ ತಂದುಕೊಟ್ಟ ಭತ್ತದ ತೆನೆ.

ದಾವಣಗೆರೆಯ ಒಂದು ಫಲಪುಷ್ಪ ಪ್ರದರ್ಶನಕ್ಕೆ ನಾವೇ ಹಟ ಹಿಡಿದು ಅವರನ್ನು ಕರೆತಂದೆವು. ಯಜಮಾನರನ್ನು ಬಿಟ್ಟುಬರಲು ಮನೆಯಲ್ಲಿ ಯಾರಿದ್ದಾರೆ? ಅವರೂ ಬಂದರು. ಹೊಸ ತಂಬಿಗೆಯಲ್ಲಿ ಬಾಗಿದ ಮೂರು ತೆನೆ, ಬುಡದಲ್ಲಿ ಒಂದು ಕೆಂಪು ದಾಸವಾಳ. ಸುತ್ತಲಿನ ಗಾಜು ಪಿಂಗಾಣಿಗಳ ನಡುವೆ ಅದೊಂದೇ ಉಸಿರಾಡುತ್ತಿತ್ತು. ತೀರ್ಪುಗಾರರು ಪಕ್ಕದ ಮೇಜಿಗೆ ಬಂದಿದ್ದರು. ಅಷ್ಟರಲ್ಲಿ ಯಜಮಾನರು ತೆನೆಗಳನ್ನು ಸರಿಸಿ, ತಂಬಿಗೆ ಎತ್ತಿ ಗಟಗಟ ಕುಡಿದರು. ದಾಸವಾಳ ನೆಲಕ್ಕೆ ಬಿತ್ತು. ತೀರ್ಪುಗಾರರು ಮುಂದೆ ಹೋದರು. ನನಗೆ ಅಳುವೇ ಬಂತು. ಟೀಚರ್ ಸೆರಗಿನಿಂದ ಯಜಮಾನರ ಗದ್ದ ಒರೆಸಿ, “ಇನ್ನೊಂದೀಟು ಬೇಕೇನ್ರೀ?” ಅಂದರು.

ವಾಪಸು ಬಸ್ ಹತ್ತಿಸಲು ಹೋದಾಗ ನನ್ನ ಕೈ ಹಿಡಿದರು. “ಸುಳ್ಳು ಯಾಕ ಹೇಳ್ಲಿ, ಸಾಕಾಗೈತೆ. ಬೆಳಗಾದ್ರೆ ಸಾಕಾಗೈತೆ ಅಂತ್ಲೇ ಏಳ್ತೀನಿ. ಆದ್ರ ನೋಡಿದ್ಯಾ, ತಂಬಿಗೆ ಅವರ ಕೈಗೆ ಹೆಂಗೆ ಕೂತಿತ್ತು?” ಅಂದರು. ಅಷ್ಟು ದಣಿದ ಮುಖದಲ್ಲೂ ಗೆದ್ದವರ ಕಳೆ ಇತ್ತು. ನನ್ನ ಮನೆಯ ಕೆಲಸಗಳನ್ನು ನಾನು ಇವತ್ತಿಗೂ ಗೊಣಗುತ್ತಲೇ ಮಾಡುತ್ತೇನೆ. ಗೊಣಗುತ್ತಲೂ ಚೆನ್ನಾಗಿ ಮಾಡಬಹುದು ಅನ್ನುವುದನ್ನು ಕಲಿತದ್ದು ಅವರಿಂದ.

ಒಂದು ಚಳಿಗಾಲ ಯಜಮಾನರು ತೀರಿಕೊಂಡರು. ಅದಾದ ವರ್ಷದೊಳಗೆ ಟೀಚರೂ ಹೋದರು. ನಾನು ಅವರನ್ನು ಕೊನೆಯ ಸಲ ನೋಡಿದಾಗ ಪಡಸಾಲೆಯಲ್ಲಿ ಒಂದು ಎಲೆಯೂ ಇರಲಿಲ್ಲ; ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದರು. ಸಮಾಧಾನ ಹೇಳಲು ಹೋಗಿ, ಇನ್ನು ನಿಮಗೆ ಇಷ್ಟವಾದ ಪಾತ್ರೆಯಲ್ಲೇ ಇಡಬಹುದಲ್ಲ ಟೀಚರ್, ಅಂದುಬಿಟ್ಟೆ.

ಒಣಗಿದ ಬೆರಳುಗಳನ್ನು ನೋಡಿಕೊಳ್ಳುತ್ತಾ ಹೇಳಿದರು: “ಹೂಂ ಕಣವ್ವ, ಈಗ ಯಾವ ಪಾತ್ರೆ ಆದ್ರೂ ನಡೀತೈತೆ. ಅದಕ್ಕ ಒಂದನ್ನೂ ಆರಿಸೋಕೆ ಆಗವಲ್ದು.”