ನನ್ನ ಗಂಡನ ಲ್ಯಾಟಿನ್ ರಾಕ್

ನೈರೋಬಿಯಲ್ಲಿರುವ ನಮ್ಮವರ ಪೈಕಿ ಲ್ಯಾಟಿನ್ ರಾಕ್ ಗಿಟಾರ್ ನುಡಿಸುವವರು ಒಬ್ಬರೇ, ಅವರು ನನ್ನ ಗಂಡ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ವಾರವೆಲ್ಲ ಇನ್ಶೂರೆನ್ಸ್ ಕಂಪನಿಯಲ್ಲಿ ಟೈ ಕಟ್ಟಿ ಕೂರುವ ಮನುಷ್ಯ ಶನಿವಾರ ಬಂತೆಂದರೆ ಹೂವಿನ ಅಂಗಿ ತೊಟ್ಟು, ತಲೆಗೊಂದು ಹ್ಯಾಟು ಇಟ್ಟುಕೊಂಡು, ಕರೆನ್ ಬಡಾವಣೆಯ ಒಂದು ರೆಸ್ಟೋರೆಂಟಿನ ಹುಲ್ಲಿನ ಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಲೊರೆಶೋದ ನಮ್ಮ ಮನೆಯಿಂದ ಅಲ್ಲಿಯವರೆಗೆ ಕಾರು ಓಡಿಸುವವಳು ನಾನು. ಕಲಾವಿದರು ಗೇರ್ ಹಾಕಿದರೆ ಬೆರಳು ಬಿಗಿಯುತ್ತದಂತೆ.

ಅವರ ಸಂಗೀತದ ಬಗ್ಗೆ ಹೇಳಬೇಕೆಂದರೆ, ಅದು ಒಂದೇ ಸ್ವರ. ತಂತಿಯನ್ನು ಒತ್ತಿ, ಮೇಲಕ್ಕೆ ಎಳೆದು, ಆ ಸ್ವರ ಕೂಗಿ ಕೂಗಿ ಸಾಯುವವರೆಗೆ ಬಿಡುವುದಿಲ್ಲ. ಮುಖ ಮಾತ್ರ ಹಲ್ಲುನೋವಿನವರದು. ಜನ ಎದ್ದು ಕುಣಿಯುವುದು ಊರಾಚೆಯ ಕಸರಾನಿಯಿಂದ ಮಟಾಟು ವ್ಯಾನು ಹತ್ತಿ ಬಂದು ಕಾಂಗಾ ಡ್ರಮ್ ಬಾರಿಸುವ ಗೆಳೆಯನ ಕೈಗೆ. ತಮ್ಮ ತಂತಿಗೇ ಕುಣಿಯುತ್ತಾರೆಂದು ಇವರು ನಂಬಿದ್ದಾರೆ. ಅಪಸ್ವರ ಬಂದರೆ ತಪ್ಪು ಸ್ಪೀಕರಿನದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇವರು ಮಂಗಳೂರಿನ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಹೈಸ್ಕೂಲಿನಲ್ಲಿದ್ದಾಗ ಗಲ್ಫಿನಿಂದ ಬಂದ ಚಿಕ್ಕಪ್ಪ ಲ್ಯಾಟಿನ್ ರಾಕಿನ ಒಂದು ಕ್ಯಾಸೆಟ್ ತಂದುಕೊಟ್ಟರಂತೆ. ಅಂದಿನಿಂದ ಬೇರೆ ಯಾವ ಸದ್ದೂ ಇವರ ಕಿವಿಗೆ ಇಳಿದಿಲ್ಲ. "ನಮ್ಮ ಸರ್‌ನೇಮೇ ಪೋರ್ಚುಗೀಸ್ ಅಲ್ವಾ? ಲ್ಯಾಟಿನ್ ನನ್ನ ರಕ್ತದಲ್ಲೇ ಉಂಟು," ಅನ್ನುತ್ತಾರೆ. ರಕ್ತದಲ್ಲಿ ಇರುವುದು ಸಕ್ಕರೆ ಎಂದು ಡಾಕ್ಟರು ಎಂದೋ ಹೇಳಿಯಾಗಿದೆ.

ನಾನು ಮೈಸೂರಿನವಳು, ಶಾಲೆಯಲ್ಲಿ ಗಣಿತ ಹೇಳುವವಳು. ಮದುವೆಯಾಗಿ ಇಷ್ಟು ವರ್ಷವಾದರೂ ಕೊಂಕಣಿ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅದಕ್ಕೇ ಅತ್ತೆ ನನ್ನ ಜೊತೆ ಮಂಗಳೂರು ಕನ್ನಡದಲ್ಲಿ ಮಾತಾಡುತ್ತಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ನಮ್ಮ ಮಗಳನ್ನು ಸಾಕಿದವರು ಅವರೇ. ಆ ಹುಡುಗಿ ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಜ್ಜಿಯ ಹಾಡು ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದಳು.

ಕಳೆದ ಡಿಸೆಂಬರಿನಲ್ಲಿ ಅವಳ ಮದುವೆ. ಇವರಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರವಿದೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಬಂಧುಗಳೆಲ್ಲ ಒಬ್ಬೊಬ್ಬರಾಗಿ ತಲೆಗೆ, ಕೆನ್ನೆಗೆ ತೆಂಗಿನ ಹಾಲು ಹಚ್ಚುತ್ತಾರೆ. ಆಗ ಹಿರಿಯ ಹೆಂಗಸೊಬ್ಬಳು ವೊವಿಯೊ ಎಂಬ ಹಾಡು ಹೇಳಿಕೊಡಬೇಕು. ಅವಳೊಂದು ಸಾಲು ಹೇಳಿ ನಿಲ್ಲಿಸುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ನಮ್ಮ ಬಳಗದಲ್ಲಿ ಆ ಸಾಲುಗಳು ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಅವರಿಗೂ ಅದಾಗಲೇ ಮರೆವು ಶುರುವಾಗಿತ್ತು. ಬೆಳಿಗ್ಗೆ ತಿಂದದ್ದು ನೆನಪಿರುತ್ತಿರಲಿಲ್ಲ, ವೊವಿಯೊ ಮಾತ್ರ ತಪ್ಪುತ್ತಿರಲಿಲ್ಲ.

ಮಗಳು ಕೇಳಿದ್ದು ಅದೊಂದನ್ನೇ. ಒಡವೆ ಕೇಳಲಿಲ್ಲ, ದೊಡ್ಡ ಹಾಲ್ ಕೇಳಲಿಲ್ಲ. "ಐ ಜಸ್ಟ್ ವಾಂಟ್ ಗ್ರ್ಯಾನಿ," ಅಂದಳು.

"ಅಮ್ಮ ಹಾಡ್ಲಿ. ನಾನು ಹಿಂದಿನಿಂದ ಸ್ವಲ್ಪ ಮೆಲ್ಲ ಸಪೋರ್ಟ್ ಕೊಡ್ತೇನೆ," ಅಂದರು ನಮ್ಮ ಮಹಾಶಯರು.

ಮೆಲ್ಲಗೆ ಎನ್ನುವುದು ಇವರ ಗಿಟಾರಿಗೆ ಗೊತ್ತೇ ಇಲ್ಲದ ಸಂಗತಿ. ಬೇಡವೇ ಬೇಡ ಅಂದೆ. ಅತ್ತೆ ಮಗನ ಪರ ನಿಂತರು. "ಅವ ಬಾರಿಸ್ಲಿ ಬಿಡು ಮಾರಾಯ್ತಿ, ಅವನಿಗೂ ಮಗಳ ಮದುವೆ ಅಲ್ವಾ?" ಹೆತ್ತವರಿಗೆ ಹೆಗ್ಗಣವೂ ಮುದ್ದು.

ಆ ಸಂಜೆ ನಮ್ಮ ಹಿತ್ತಲಿನ ಶಾಮಿಯಾನದಲ್ಲಿ ಅತ್ತೆ ಶಿಲುಬೆಯ ಗುರುತು ಹಾಕಿಕೊಂಡು ಮೊದಲ ಸಾಲು ಎತ್ತಿದರು. ದನಿ ಸಣ್ಣದಾಗಿತ್ತು, ಆದರೆ ನೆಟ್ಟಗಿತ್ತು. ಮಗಳು ಕಣ್ಣು ಮುಚ್ಚಿದಳು. ಸಾಲು ಮುಗಿಯಿತು, ಅತ್ತೆ ನಿಲ್ಲಿಸಿದರು, ತಿರುಗಿ ಹೇಳಲು ಹೆಂಗಸರು ಬಾಯಿ ತೆರೆದರು. ಅಷ್ಟರಲ್ಲಿ ಗಿಟಾರ್ ಕೂಗಿತು.

ಇವರಿಗೆ ಆ ಬಿಡುವು ತಮಗೇ ಬಿಟ್ಟ ಜಾಗದಂತೆ ಕಂಡಿತ್ತು! ಹುಟ್ಟಿದಾಗಿನಿಂದ ಈ ಶಾಸ್ತ್ರ ನೋಡಿದವರು, ಆ ಬಿಡುವು ಯಾರದೆಂದು ಗೊತ್ತಿಲ್ಲದವರಲ್ಲ. ಎರಡನೇ ಸಾಲಿಗೂ ಅದೇ ಆಯಿತು. ಹೆಂಗಸರು ಬಾಯಿ ಮುಚ್ಚಿಕೊಂಡರು. ಉತ್ತರ ಬಾರದೆ ಅತ್ತೆಗೆ ದಾರಿ ತಪ್ಪಿತು. ಎರಡನೆಯದನ್ನೇ ಮತ್ತೆ ಹೇಳಿದರು. ಮತ್ತೂ ಅದನ್ನೇ ಹೇಳಿದರು. ಕರೆಂಟಾದರೂ ಹೋಗಲಿ ಎಂದು ದೇವರನ್ನು ಬೇಡಿದೆ. ವಾರಕ್ಕೆರಡು ಸಲ ಕೈಕೊಡುವ ನೈರೋಬಿಯ ಕರೆಂಟು ಅವತ್ತು ಗಟ್ಟಿಯಾಗಿ ನಿಂತಿತ್ತು. ಕೊನೆಗೆ ಅತ್ತೆ ಹಾಡು ಬಿಟ್ಟು ಮಗನನ್ನು ನೋಡಿ ನಕ್ಕು ಚಪ್ಪಾಳೆ ತಟ್ಟತೊಡಗಿದರು. ಅದನ್ನು ಆಶೀರ್ವಾದವೆಂದುಕೊಂಡ ಇವರು ಕಣ್ಣು ಮುಚ್ಚಿ, ಸೊಂಟ ಬಳುಕಿಸಿ, ತಮ್ಮ ಆ ಸ್ವರವನ್ನು ಎಳೆದೇ ಎಳೆದರು. ನೆಂಟರೆಲ್ಲ ಮೊಬೈಲು ಎತ್ತಿದರು. ಮಗಳು ಅಳುತ್ತಿದ್ದಳು. ಮುಖದ ತುಂಬ ತೆಂಗಿನ ಹಾಲು ಇಳಿಯುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಅಂಥ ಸಿಟ್ಟು ನನಗೆ ಬದುಕಿನಲ್ಲಿ ಹಿಂದೆಂದೂ ಬಂದಿರಲಿಲ್ಲ.

ಈಸ್ಟರ್‌ಗೆ ಮುಂಚೆ ಅತ್ತೆ ತೀರಿಕೊಂಡರು. ಅದಾಗಿ ಕೆಲವು ವಾರಕ್ಕೆ ಮಗಳು ಫೋನ್ ಮಾಡಿ, ರೋಸ್ ದಿನ ಮೈಕಿನಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗಿನಿಂದ ಗಿಟಾರ್ ತೆಗೆದು ಗ್ರ್ಯಾನಿಯ ದನಿಯಷ್ಟನ್ನು ಕಳಿಸಿ ಎಂದು ಅಪ್ಪನನ್ನು ಕೇಳಿದಳು. ಅದೇನು ಮಹಾ ಅಂದರು ಇವರು. ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಹಾಕಿ ಕೂತರು. ಅತ್ತೆಯ ಮೈಕನ್ನು ತಮ್ಮ ಸ್ಪೀಕರಿನ ಪಕ್ಕದಲ್ಲೇ ನಿಲ್ಲಿಸಿದ್ದ ಜಾಣರಲ್ಲವೇ! ಗಿಟಾರ್ ಇಳಿಸಿದರೆ ಅಮ್ಮನೂ ಹೋಗುತ್ತಿದ್ದರು, ಅಮ್ಮನನ್ನು ಏರಿಸಿದರೆ ಗಿಟಾರ್ ಮನೆ ಹಾರಿಸುತ್ತಿತ್ತು. ಶನಿವಾರಗಳು ಬಂದು ಹೋದವು, ಇವರು ಕರೆನ್‌ಗೆ ಹೋಗಲಿಲ್ಲ. ಜೀವಮಾನವೆಲ್ಲ ತಮ್ಮ ಸದ್ದು ಏರಿಸಿದವರು ಈಗ ಅದನ್ನು ಇಳಿಸಲು ಒದ್ದಾಡುವುದನ್ನು ನೋಡಿ, ಸುಳ್ಳೇಕೆ, ನನಗೆ ಖುಷಿಯೇ ಆಯಿತು.

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಮಗಳು ಮನೆಗೆ ಬಂದಳು. ಆಗೋದಿಲ್ಲ ಮಗಾ ಎಂದು ಇವರು ಒಪ್ಪಿಕೊಂಡರು. ಅವಳು ಸಿಟ್ಟಾಗಲಿಲ್ಲ. ಅಪ್ಪನ ಪಕ್ಕ ಕೂತು, "ದೆನ್ ಯು ಸಿಂಗ್ ಇಟ್, ಡ್ಯಾಡಾ. ಯು ಆರ್ ಹರ್ ಸನ್," ಅಂದಳು.

ಇವರು ಗಿಟಾರಿನ ಕಡೆ ಕೈ ಚಾಚಲಿಲ್ಲ. ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಹೇಳಿದರು. ದನಿ ಅಚ್ಚು ಅತ್ತೆಯದೇ, ಅದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಎರಡನೆಯದನ್ನೂ ಹೇಳಿದರು. ಅಲ್ಲಿಗೆ ನಿಂತರು. ಮಗಳು ಕಾದಳು. ಅದೆಲ್ಲಿಂದಲೋ ತಂದ ಕ್ಯಾಸೆಟ್ಟಿನ ಒಂದೊಂದು ಎಳೆತವನ್ನೂ ಬಾಯಿಪಾಠ ಮಾಡಿದ ಮನುಷ್ಯ ಬಾಯಿ ತೆರೆದುಕೊಂಡೇ ಕೂತಿದ್ದರು.

"ಮುಂದೆ?" ಅಂದೆ ನಾನು.

"ನಾವು ಮಕ್ಕಳು ತಿರುಗಿ ಹೇಳ್ತಿದ್ದದ್ದು ಮಾರಾಯ್ತಿ," ಅಂದರು. "ನಂಗೆ ತಿರುಗಿ ಹೇಳ್ಲಿಕ್ಕೆ ಮಾತ್ರ ಬರ್ತದೆ. ಮೊದ್ಲು ಯಾರಾದ್ರೂ ಹೇಳ್ಬೇಕಲ್ಲ?"