ಮಾರುತಿಯ ಮಣ್ಣಿನ ಹಾಡು

ಮಾರುತಿ ಮೈಕಿನಿಂದ ಒಂದು ಮೊಳ ದೂರ ನಿಂತು ಹಾಡುತ್ತಿದ್ದ. ಇನ್ನೂ ಹತ್ತಿರ ಬಂದರೆ ಸ್ಪೀಕರ್ ಹಾಳಾಗುತ್ತದೆಂದು ಸೌಂಡಿನವರು ಗದರುತ್ತಿದ್ದರು. ಹೀಗೆ ಹಾಡುವುದನ್ನು ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, ಬಿಲ್ಡಿಂಗಿನ ಕೆಳಗೆ ಎನ್ನುತ್ತಿದ್ದ. ಕೇಳಿದವರು ತಮಾಷೆ ಎಂದುಕೊಂಡು ನಗುತ್ತಿದ್ದರು. ಆದರೆ ಅದು ನಿಜವೇ ಆಗಿತ್ತು. ಅವನ ತಾಯಿ ಗಂಗವ್ವ ಸಿಂದಗಿ ಕಡೆಯಿಂದ ಬಂದು ಮುಂಬಯಿಯ ಗೋರೆಗಾಂವ್‌ನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದವಳು. ಆಕೆ ಮೇಲಿನ ಮಹಡಿಗೆ ಇಟ್ಟಿಗೆ ಹೊರುತ್ತಿದ್ದರೆ ಇವನು ಕೆಳಗೆ ಮರಳಿನ ರಾಶಿಯ ಮೇಲೆ ನಿಂತು, ಹಸಿವಾಯಿತೆಂದು ಕೂಗಬೇಕು. ಕಾಂಕ್ರೀಟ್ ಮಿಕ್ಸರಿನ ಗದ್ದಲ ದಾಟಿ ಆ ಕೂಗು ಆಕೆಗೆ ಮುಟ್ಟಬೇಕು. ಹಾಗೆ ಕೂಗಿ ಕೂಗಿ ಬಂದ ಕಂಠ ಅದು.

ಅವನ ಬ್ಯಾಂಡಿನಲ್ಲಿ ನಾನು ಕೀಬೋರ್ಡ್ ನುಡಿಸುತ್ತಿದ್ದೆ ಎಂದರೆ ಈಗಲೂ ನನ್ನ ನೆಂಟರು ನಂಬುವುದಿಲ್ಲ. ನಾನು ಮೈಸೂರಿನಿಂದ ಮದುವೆಯಾಗಿ ಬಂದವಳು, ಅಂಧೇರಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದವಳು. ಗಂಡ ತೀರಿಹೋದ ಮೇಲೆ ಸಂಜೆಗಳನ್ನು ಏನು ಮಾಡಬೇಕೆಂದು ತಿಳಿಯದೆ, ಚಿಕ್ಕಂದಿನಲ್ಲಿ ಹಾರ್ಮೋನಿಯಂ ಮೇಲೆ ಕಲಿತ ಪಾಠಗಳನ್ನು ಕೀಬೋರ್ಡಿನ ಮೇಲೆ ಹುಡುಕುತ್ತ ಕೂರುತ್ತಿದ್ದೆ. ನಮ್ಮ ಆಫೀಸಿನ ರೋಹನ್ ಗಿಟಾರ್ ಬಾರಿಸುವ ಹುಡುಗ. ಅವರ ಕೀಬೋರ್ಡಿನವನು ಕೈಕೊಟ್ಟಾಗ ಒಂದು ಶನಿವಾರಕ್ಕೆಂದು ನನ್ನನ್ನು ಎಳೆದುಕೊಂಡು ಹೋದ. ರಾಕ್ ಎಂದರೆ ಜುಟ್ಟು ಬಿಟ್ಟವರ ಕಿರುಚಾಟ ಎನ್ನುವಷ್ಟೇ ನನಗಿದ್ದ ತಿಳುವಳಿಕೆ. ಪ್ರಾಕ್ಟೀಸ್ ರೂಮಿನಲ್ಲಿ ಮಾರುತಿ ಚಪ್ಪಲಿ ಕಳಚಿಟ್ಟು, ಗೋಡೆಗೆ ಮುಖ ಮಾಡಿ ನಿಂತು ಒಂದು ಸಾಲು ಹಾಡಿದ. ನನ್ನ ಬೆರಳು ಕೀಲಿಗಳ ಮೇಲೆ ಹಾಗೇ ನಿಂತುಬಿಟ್ಟವು.

ವಿರಾಮದಲ್ಲಿ ನಾನು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವುದು ಅವನ ಕಿವಿಗೆ ಬಿತ್ತು. ಅರ್ಧ ಗ್ಲಾಸಿನ ಕಟಿಂಗ್ ಚಹಾ ಹಿಡಿದುಕೊಂಡು ಹತ್ತಿರ ಬಂದ.

“ಅಕ್ಕಾರ, ನೀವು ಕನ್ನಡದವ್ರೇನ್ರಿ? ಮೊದಲ ಹೇಳಬಾರದ?”

ಅಂದಿನಿಂದ ನಾನು ಅವನಿಗೆ ಅಕ್ಕಾರ. ಒಂದು ಶನಿವಾರಕ್ಕೆಂದು ಹೋದವಳು ವರ್ಷಗಟ್ಟಲೆ ಉಳಿದೆ. ಉಳಿದವರ ಜೊತೆ ಅವನದು ಪಕ್ಕಾ ಮುಂಬಯಿ ಹಿಂದಿ. ನನ್ನ ಜೊತೆ, ಫೋನಿನಲ್ಲಿ ಅವ್ವನ ಜೊತೆ ಮಾತ್ರ ಕನ್ನಡ. ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಅವ್ವನಿಗೆ ಫೋನು ಮಾಡಿ ಉಂಡಿಯೇನು ಎಂದು ಕೇಳಿದ ಮೇಲೇ ಅವನು ಸ್ಟೇಜು ಹತ್ತುತ್ತಿದ್ದದ್ದು. ಇಷ್ಟು ಜೋರಾಗಿ ಯಾಕೆ ಹಾಡುತ್ತೀಯಪ್ಪ, ಗಂಟಲು ಹೋದೀತು ಎಂದು ನಾನು ಹೇಳಿದರೆ ಅವನದು ಒಂದೇ ಉತ್ತರ: “ಒದರಿದ್ರ ಕೇಳ್ತಾರ್ರಿ ಅಕ್ಕಾರ. ಮಾತಾಡಿದ್ರ ಯಾರ್ ಕೇಳ್ತಾರ?”

ಅವನಿಗೆ ಹೆಸರು ತಂದ ಹಾಡು ಹುಟ್ಟಿದ್ದು ಲೋಕಲ್ ಟ್ರೇನಿನಲ್ಲಿ. ನಿಲ್ಲಲೂ ಜಾಗವಿಲ್ಲದ ಬೋಗಿಯೊಳಗೆ ಅವನು ಅವ್ವನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದನಂತೆ. ಪಕ್ಕದವನೊಬ್ಬ, ಎಲ್ಲೆಲ್ಲಿಂದಲೋ ಬಂದು ತುಂಬಿಕೊಳ್ಳುತ್ತೀರಿ, ನಿಮ್ಮ ಊರಿಗೆ ಹೋಗಿ ಅಲ್ಲಿ ಮಾತಾಡಿ ಎಂದ. ಸುತ್ತಲಿದ್ದವರು ಕಿಟಕಿಯ ಕಡೆ ತಿರುಗಿದರು. ಮಾರುತಿ ಗೋರೆಗಾಂವ್‌ನಲ್ಲಿ ಇಳಿದು ಮನೆಯ ತನಕ ನಡೆದ. ದಾರಿಯ ಎರಡೂ ಬದಿಗೆ ಅವನ ತಾಯಿ ಇಟ್ಟಿಗೆ ಹೊತ್ತ ಕಟ್ಟಡಗಳು. ಮನೆ ಮುಟ್ಟುವುದರೊಳಗೆ ಹಾಡಿನ ಪಲ್ಲವಿ ಸಿದ್ಧವಾಗಿತ್ತು: ‘ಯೇ ಮಿಟ್ಟೀ ಮುಝೆ ಪೆಹಚಾನ್‌ತೀ ಹೈ.’ ಈ ಮಣ್ಣಿಗೆ ನನ್ನ ಗುರುತಿದೆ. ಮುಂದಿನ ಸಾಲುಗಳಲ್ಲಿ ಬೆವರು, ತಾಯಿಯ ತಲೆಯ ಮೇಲಿನ ಭಾರ, ನನ್ನನ್ನು ಇಲ್ಲಿಂದ ಎಬ್ಬಿಸುವವರು ಯಾರು ಎನ್ನುವ ಪ್ರಶ್ನೆ ಎಲ್ಲವೂ ಇದ್ದವು.

ಕೇಳಿದವರಿಗೆ ಮಣ್ಣು ಎಂದರೆ ದೇಶವಾಯಿತು, ತಾಯಿ ಎಂದರೆ ಭಾರತಮಾತೆಯಾದಳು. ಕಾಲೇಜುಗಳಲ್ಲಿ ಹುಡುಗರು ಬಾವುಟ ಬೀಸುತ್ತ ಪಲ್ಲವಿಗೆ ದನಿ ಸೇರಿಸಿದರು. ಆಗಸ್ಟ್ ಹದಿನೈದಕ್ಕೆ ಹೌಸಿಂಗ್ ಸೊಸೈಟಿಗಳು ಅದನ್ನು ಹಾಕತೊಡಗಿದವು. ಮಾರುತಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಬಾವುಟ ತನ್ನದೂ ಹೌದಲ್ಲ, ಹಾಡಲಿ ಎನ್ನುತ್ತಿದ್ದ. ಸಾವಿರಾರು ಜನ ತನ್ನ ಸಾಲನ್ನು ಹಾಡುವಾಗ ಅವನ ಮುಖ ನೋಡಬೇಕಿತ್ತು. ಪೆಟ್ಟು ತಿಂದ ಮಗುವನ್ನು ಎಲ್ಲರೂ ಸೇರಿ ಸಮಾಧಾನ ಮಾಡಿದಂತೆ ಕಾಣುತ್ತಿತ್ತು.

ಆಮೇಲೆ ಒಂದು ಚುನಾವಣೆಯ ಕಾಲಕ್ಕೆ, ಹೊರಗಿನಿಂದ ಬಂದವರನ್ನು ಓಡಿಸುತ್ತೇವೆಂದು ಹೊರಟ ಪಕ್ಷದವರೊಬ್ಬರು ಆ ಹಾಡನ್ನು ಮೆರವಣಿಗೆಯ ಟೆಂಪೋದಲ್ಲಿ ಹಾಕಿಕೊಂಡರು. ಟೆಂಪೋ ಗಲ್ಲಿ ಗಲ್ಲಿ ತಿರುಗಿತು. ಮಣ್ಣಿಗೆ ಗುರುತಿರುವವರು ನಾವು, ಉಳಿದವರು ಜಾಗ ಖಾಲಿ ಮಾಡಿ ಎಂದು ನಡುನಡುವೆ ಭಾಷಣ. ತರಕಾರಿ ಮಾರುವ ಕೆಲವರ ಗಾಡಿಗಳನ್ನು ಉರುಳಿಸಿದ ವಿಡಿಯೋ ಬಂತು. ಅದರ ಹಿಂದೆ ಕೇಳಿಸುತ್ತಿದ್ದದ್ದೂ ಮಾರುತಿಯ ಕಂಠವೇ. ಫೋನಿನಲ್ಲಿ ಆ ವಿಡಿಯೋದ ಕೆಳಗೆ ಒಂದು ಕಡೆಯವರು ಅವನನ್ನು ಹುಲಿ ಎಂದರು, ಇನ್ನೊಂದು ಕಡೆಯವರು ದ್ವೇಷ ಹಾಡುವವನು ಎಂದರು. ಅವನನ್ನೇ ಕೇಳೋಣ ಎಂದುಕೊಂಡವರು ಎರಡೂ ಕಡೆ ಇರಲಿಲ್ಲ.

ಪ್ರಾಕ್ಟೀಸ್ ರೂಮಿನಲ್ಲಿ ಜಗಳವಾಯಿತು. ರೋಹನ್ ಕೆಟ್ಟವನಲ್ಲ. ಹಾಡು ಒಮ್ಮೆ ಹೊರಗೆ ಹೋದ ಮೇಲೆ ಕೇಳುವವರ ಸ್ವತ್ತು, ನಾವು ಅರ್ಥ ಹೇಳುತ್ತ ಕೂತರೆ ಹಾಡೂ ಹೋಗುತ್ತದೆ, ಕಾರ್ಯಕ್ರಮಗಳೂ ಹೋಗುತ್ತವೆ ಎಂಬುದು ಅವನ ವಾದ. ಮಾರುತಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹಿಂದೆಯೇ ಹೋದ ನನಗೆ ಅವನ ಸಂಕಟ ಬೇರೆಯದೇ ಎಂದು ಗೊತ್ತಾಯಿತು. ಆ ಟೆಂಪೋ ಗಂಗವ್ವನ ಗಲ್ಲಿಗೂ ಹೋಗಿತ್ತು. ಆಕೆ ಬಾಗಿಲಿಗೆ ಓಡಿಬಂದು, ನಡುವಿನ ಭಾಷಣಕ್ಕೆ ಕಿವಿಗೊಡದೆ, ನೆರೆಯ ಹೆಂಗಸರನ್ನೆಲ್ಲ ಕರೆದು, ನನ್ನ ಮಗನ ಹಾಡು ಎಂದು ತೋರಿಸಿದ್ದಳು. ಅಷ್ಟು ವರ್ಷ ಆ ಊರಲ್ಲಿದ್ದರೂ ಅವಳ ಮನೆಯ ಮುಂದೆ ಅವಳದೆನ್ನುವಂಥದ್ದು ಮೊದಲ ಸಲ ಹಾದುಹೋಗಿತ್ತು.

“‘ನಿನ್ನ ಹಾಡ ಹಚ್ಚ್ಯಾರೋ’ ಅಂತ ಫೋನ್ ಮಾಡಿ ಖುಷಿಲೆ ಅತ್ತಳ್ರಿ,” ಎಂದ. “ಅದು ನಮ್ಮನ್ನ ಓಡಸಾಕ ಹಚ್ಚಿದ್ದು ಅಂತ ನಾ ಆಕಿಗಿ ಹೆಂಗ ಹೇಳ್ಲಿ?”

ಅವನು ತಾಯಿಗೆ ಹೇಳಲಿಲ್ಲ. ಸ್ಟೇಜಿನ ಮೇಲೆ ಹೇಳಿದ. ಅಂಧೇರಿಯ ಒಂದು ಸಭಾಂಗಣದಲ್ಲಿ, ಜನ ಆ ಹಾಡೇ ಬೇಕೆಂದು ಕೂಗುತ್ತಿದ್ದಾಗ, ಅವತ್ತೊಂದು ದಿನ ಮೈಕಿನ ಹತ್ತಿರ ಬಂದು ಮೆಲುದನಿಯಲ್ಲಿ ಹಿಂದಿಯಲ್ಲಿ ಮಾತಾಡಿದ. ಈ ಹಾಡು ಬರೆದವನು ಹೊರಗಿನಿಂದ ಬಂದವಳ ಮಗ. ನೀವು ಕೂತಿರುವಂಥ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು ಆಕೆ. ಯಾರನ್ನಾದರೂ ಓಡಿಸುವುದಿದ್ದರೆ ನನ್ನಿಂದಲೇ ಶುರು ಮಾಡಿ. ಇಷ್ಟು ಹೇಳಿ ಹಾಡತೊಡಗಿದ. ಮುಂದಿನ ಸಾಲುಗಳಲ್ಲಿ ಕೂತವರು ಎದ್ದು ಹೊರಟರು. ಹಿಂದೆ ಕೆಲವರು ಚಪ್ಪಾಳೆ ತಟ್ಟಿದರು. ಎಷ್ಟೋ ಮಂದಿ ಸುಮ್ಮನೆ ಫೋನು ಹಿಡಿದು ವಿಡಿಯೋ ಮಾಡಿಕೊಂಡರು. ಪಲ್ಲವಿಗೆ ಯಾರೂ ದನಿ ಸೇರಿಸಲಿಲ್ಲ. ನಾನು ನುಡಿಸುತ್ತಲೇ ಇದ್ದೆ. ಆ ಸಭಾಂಗಣದಲ್ಲಿ ಅವನ ಕಂಠ ಒಂದೇ ಎಷ್ಟು ದೊಡ್ಡದಾಗಿತ್ತು ಎಂದು ಇವತ್ತಿಗೂ ನೆನಪಾಗುತ್ತದೆ.

ಹುಲಿ ಎಂದಿದ್ದವರು ದೇಶದ್ರೋಹಿ ಎಂದರು. ಇನ್ನೊಂದು ಕಡೆಯವರು ಪ್ರೀತಿಯಿಂದಲೇ ತಮ್ಮ ಸಭೆಗೆ ಕರೆದರು. ಅವನು ಆಸೆಯಿಂದ ಹೋದ. ಅಲ್ಲಿ ಅವರು ಪ್ರತಿ ಸಾಲಿನ ಕೊನೆಗೆ ತಮ್ಮ ಘೋಷಣೆ ಸೇರಿಸಿ ಕೂಗಿದರಂತೆ. ತಾಯಿಯ ಸಾಲು ಬಂದಾಗಲೂ ನಿಲ್ಲಿಸಲಿಲ್ಲವಂತೆ. ಮರುದಿನ ನಮ್ಮ ಮನೆಗೆ ಬಂದು, ನಾನು ಕೊಟ್ಟ ಉಪ್ಪಿಟ್ಟಿನ ತಟ್ಟೆಯನ್ನು ಮುಂದಿಟ್ಟುಕೊಂಡು ಕೂತ.

“ಅವರೂ ಕೇಳಲಿಲ್ಲ ಅಕ್ಕಾರ,” ಎಂದ.

ಆಮೇಲೆ ಅವನು ಆ ಹಾಡು ಹಾಡಲಿಲ್ಲ. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳು ಒಂದೊಂದೇ ರದ್ದಾದವು. ರೋಹನ್ ಬೇರೆ ಬ್ಯಾಂಡಿಗೆ ಸೇರಿದ. ಆಫೀಸಿನಲ್ಲಿ ನನ್ನನ್ನು ಕಂಡರೆ ಮಾರುತಿ ಹೇಗಿದ್ದಾನೆ ಎಂದು ಕೇಳುತ್ತಿದ್ದ. ಕೇಳುವಾಗ ಕಣ್ಣು ತಪ್ಪಿಸುತ್ತಿದ್ದ. ಮಾರುತಿಗೆ ಪ್ರವಾಸಿಗರ ಹಡಗೊಂದರಲ್ಲಿ ಕೆಲಸ ಸಿಕ್ಕಿತು. ಊಟದ ಹೊತ್ತಿಗೆ ಯಾರು ಯಾರದೋ ಹಳೆಯ ಇಂಗ್ಲಿಷ್ ಹಾಡುಗಳನ್ನು ಹಾಡುವುದು.

ಹೊರಡುವ ಮುಂಚೆ ಗೋರೆಗಾಂವ್ ಸ್ಟೇಶನ್ನಿನ ಹೊರಗೆ ಚಹಾ ಕುಡಿಯಲು ಕರೆದ. ಉದ್ದ ಕೂದಲು ಕತ್ತರಿಸಿಕೊಂಡಿದ್ದ, ಶರ್ಟಿಗೆ ಇಸ್ತ್ರಿ ಮಾಡಿಸಿಕೊಂಡಿದ್ದ. ಅಲ್ಲಿ ನಿನ್ನ ಹಾಡನ್ನೂ ಒಂದೊಂದು ಸಲ ಹಾಡಬಹುದೇನಪ್ಪ ಎಂದು ಕೇಳಿದೆ. ನಕ್ಕ. ಅಲ್ಲಿ ಉಣ್ಣುವವರು ಹಾಡಿನ ಅರ್ಥ ಕೇಳುವುದಿಲ್ಲ, ಅದೇ ಆರಾಮ ಎಂದ. ನಾನು ಜೋಪಾನ ಎಂದೆ. ಅವನು ನನ್ನ ಕಾಲು ಮುಟ್ಟಿ, ಅವ್ವನನ್ನು ಆಗಾಗ ನೋಡಿಕೊಂಡು ಬನ್ನಿ ಎಂದು ಹೇಳಿ, ಬ್ರಿಜ್ ಹತ್ತುವವರ ನಡುವೆ ಸೇರಿಹೋದ. ನಾನು ಅವನನ್ನು ಕಂಡದ್ದು ಅದೇ ಕೊನೆ. ಮೊದಮೊದಲು ಹಡಗಿನಿಂದ ಸಮುದ್ರದ ಫೋಟೋಗಳು ಬರುತ್ತಿದ್ದವು. ಅವುಗಳಲ್ಲಿ ಅವನು ಇರುತ್ತಿರಲಿಲ್ಲ. ಬರಬರುತ್ತ ಫೋಟೋಗಳೂ ನಿಂತವು.

ಹೋದ ಭಾನುವಾರ ಗಂಗವ್ವನ ಮನೆಗೆ ಹೋಗಿದ್ದೆ. ಮಗ ಹಣ ಕಳಿಸುತ್ತಾನೆ, ಫೋನು ಮಾತ್ರ ಅಪರೂಪ ಎಂದಳು. ನನ್ನ ಮೊಬೈಲಿನಲ್ಲಿ ಅವನ ಹಾಡು ಇದ್ದರೆ ಹಚ್ಚಿ ಎಂದಳು. ಹಚ್ಚಿದೆ. ಆಕೆ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡು ಪೂರಾ ಕೇಳಿದಳು.

“ಈ ಮಣ್ಣಿಗಿ ನನ್ನ ಗುರ್ತ ಐತಿ ಅಂತ ಹಾಡ್ಯಾನಲ್ರಿ,” ಎಂದಳು. “ಗುರ್ತ ಇದ್ದಲ್ಲಿ ಬಿಟ್ಟು ಅವ ನೀರಿನ ಮ್ಯಾಲ ಯಾಕ ಹ್ವಾದ?”

ನನ್ನ ಕೈಗೆ ಮೊಬೈಲು ಕೊಟ್ಟು, ಚಹಾ ಇಡುತ್ತೇನೆಂದು ಎದ್ದು ಒಳಗೆ ಹೋದಳು.